ಗಾಲಿಯ ಮೇಲೆ ಹುಗ್ಗಿ

ಬಂಡಿಯ ಎಡಗಡೆಯ ಹಿಂದಿನ ಗಾಲಿ ಕುಂಯ್ ಕುಂಯ್ ಅನ್ನುತ್ತಿದೆ, ಎಣ್ಣೆ ಬಿಡು ಅಂತ ವೆಲ್ಡಿಂಗ್ ಮಾಡಿಕೊಟ್ಟ ಇನಾಯತ್ ಹೇಳಿದ್ದ, ಮರೆತೆ, ಅನ್ನಲಿ ಬಿಡು, ನನ್ನ, ಈ ಆದೆಮ್ಮನ, ಹುಗ್ಗಿ ಬರುತ್ತಿದೆ ಅಂತ ಇಡೀ ಮಾನ್ವಿಗೆ ಡಂಗುರ ಹೊಡೆಸಿದ ಹಾಗಾಯಿತು — ಅಡುಗೆಯ ಶೆಡ್ಡಿನಿಂದ ಊಟದ ಹಾಲಿಗೆ ಎಪ್ಪತ್ತು ಹೆಜ್ಜೆ, ಇಪ್ಪತ್ತು ಮುಗಿದವು, ಕೊಪ್ಪರಿಗೆಯ ಕಾವು ಮುಖಕ್ಕೆ ರಾಚುತ್ತಿದೆ, ಬೆಲ್ಲ ಏಲಕ್ಕಿಯ ವಾಸನೆ, ತಳಕ್ಕೆ ಒದ್ದೆ ಗೋಣಿಚೀಲ ಹಾಸಿದ್ದೇನೆ, ಹೋದ ತಿಂಗಳು ಬಾಗಲವಾಡದಲ್ಲಿ ಕಾವಿಗೆ ಟೈರು ಸೀಳಿ, ಬಂಡಿ ವಾಲಿ, ಹುಗ್ಗಿ ಅಂಗಳಕ್ಕೆ ಚೆಲ್ಲಿ, ಮಂದಿ ನಕ್ಕರು, ನಗಲಿ, ಅವರಿಗೆ ಹಲ್ಲು ಕಿಸಿಯುವುದಷ್ಟೇ ಬಂತು, ನನಗೆ ಗೋಣಿಚೀಲದ ಬುದ್ಧಿ ಬಂತು. ಅದಕ್ಕೂ ಮೊದಲು ಗಾಲಿಯ ಬದಲು ಬೇರಿಂಗ್ ಹಾಕಿ ನೋಡಿದ್ದೆ, ಗ್ಯಾರೇಜಿನವರು ಪುಕ್ಕಟೆ ಕೊಟ್ಟಿದ್ದು, ಸಿಮೆಂಟಿನ ಮೇಲೆ ಓಡಿತು, ಮಣ್ಣಿಗೆ ಇಳಿದ ಕೂಡಲೇ ಹೂತುಕೊಂಡಿತು — ಆಮೇಲೆ ರಾಯಚೂರಿನ ಗುಜರಿ, ಸತ್ತಾರ್ ಸಾಬ್ ಎರಡು ಹಳೇ ಸ್ಕೂಟರಿನ ನಾಲ್ಕು ಗಾಲಿ ಬಿಚ್ಚಿ ತೂಕಕ್ಕೆ ಹಾಕಿದ, ಇದರ ಮ್ಯಾಲೆ ಹುಗ್ಗಿ ಕುಂದರತದೇನವ್ವಾ ಅಂದ, ಮೂರು ಮೂರು ಮಂದಿ ಕುಂತು ಹೋಗತಿದ್ದರಲ್ರೀ, ಅವರಿಗಿಂತ ಹುಗ್ಗಿ ಸುಮ್ಮನ ಕುಂತಿರತದ ಅಂದೆ. ಒಂದು ಮದುವೆಗೆ ನಾಲ್ಕು ಹಮಾಲರಿಗೆ ಕೊಡುವ ಕೂಲಿಯಲ್ಲಿ ಬಂಡಿಯೇ ಆಯಿತು, ಮೂವತ್ತೈದು, ಮೂವತ್ತಾರು ಹೆಜ್ಜೆ, ಹಮಾಲರಿಲ್ಲದ ಹೆಂಗಸು ಎಂಥ ಅಡುಗೆ ಗುತ್ತಿಗೆ ಹಿಡಿಯುತ್ತಾಳೆ ಅಂದವರೆಲ್ಲ ಈಗ ದಾರಿ ಬಿಡಿ.

ಹಾಲಿನ ಬಾಗಿಲಲ್ಲಿ ಶರಣಯ್ಯನವರು, ಮದುಮಗಳ ಅಪ್ಪ, ರೈಸ್‌ಮಿಲ್ಲಿನ ಧಣಿ, ಅಲ್ಲಿಯೇ ನಿಂತಿದ್ದಾರೆ, ಬೆಳಿಗ್ಗೆಯೇ ಹೇಳಿದ್ದರು, ಪ್ರಸಾದ ಅದು, ಹೆಗಲ ಮ್ಯಾಲೆ ಬರಬೇಕು, ನೂಕ್ಕೊಂಡು ತಂದ್ರ ಮಾನ್ವಿಯೊಳಗ ಇನ್ನ ಯಾರೂ ನಿನ್ನ ಕರೆಯಂಗಿಲ್ಲ — ಕರೆಯದಿದ್ದರೆ ನನ್ನ ಒಲೆಯೂ ಆರಿದ ಹಾಗೆಯೇ, ಗೊತ್ತಿದೆ, ಆದರೂ ನಿಮ್ಮ ಮಿಲ್ಲಿನ ಅಕ್ಕಿ ಊರೂರಿಗೆ ಯಾರ ಹೆಗಲ ಮೇಲೆ ಹೋಗುತ್ತದೆ ಧಣಿ, ಲಾರಿಗೆ ಗಾಲಿ ಇಲ್ಲವೇ, ನಾಲ್ಕು ಜನ ಹೆಗಲು ಕೊಟ್ಟು ಹೊರುವುದು ಯಾವುದನ್ನು ಅಂತ ನಾಲಿಗೆಯ ತುದಿಗೆ ಬಂತು, ಮದುವೆಯ ಮನೆ, ನುಂಗಿದೆ. ಹೆಗಲು ಅಂದರೆ ನನಗೆ ಒಂದೇ ಹೆಗಲು, ದುರುಗೇಶನದು, ನನ್ನ ಗಂಡನದು, ದೇವದುರ್ಗದ ಮದುವೆಯಲ್ಲಿ ಇದೇ ಕೊಪ್ಪರಿಗೆ, ಅದರ ಹಿಡಿಕೆಯ ಬಳೆಗೆ ಬಿದಿರಿನ ಗಳ ತೂರಿಸಿ ನಾಲ್ವರು ಎತ್ತಿದರು, ಅವನ ಬೆನ್ನಲ್ಲಿ ಚಟ್ ಅಂದದ್ದು ನನಗೂ ಕೇಳಿಸಿತು, ಆದರೂ ಊಟದ ಹಾಲಿನ ತನಕ ಹೊತ್ತು ಹೋದ, ಹುಗ್ಗಿ ಚೆಲ್ಲಲಿಲ್ಲ, ಹೋದದ್ದು ಅವನ ಬೆನ್ನು, ಅವತ್ತು ಎಲ್ಲರೂ ಹುಗ್ಗಿ ಹೊಗಳಿ ಉಂಡರು, ಈಗ ಅರಕೇರಾದ ನಮ್ಮ ಮನೆಯಲ್ಲಿ ಹೊರಸು ಹಿಡಿದು ಮಲಗಿದ್ದಾನೆ, ಬಲಹೆಗಲ ಮೇಲೆ ಗಳ ಕೂತು ಕೂತು ಆದ ಕಪ್ಪು ಗಂಟು, ದಿನಾ ಎಣ್ಣೆ ತಿಕ್ಕುತ್ತೇನೆ, ಕರಗುವುದಿಲ್ಲ, ನನಗೆ ಸಿಟ್ಟು ಬರುತ್ತದೆ, ಅವನ ಮೇಲಲ್ಲ, ಹೊಗಳಿ ಉಂಡವರ ಮೇಲೆ. ಅರವತ್ತೊಂಬತ್ತು. ಧಣಿ ಸರಿಯಲಿಲ್ಲ, ಕುಂಯ್ ನಿಂತಿತು, ಒಳಗೆ ಎಲೆಯ ಮುಂದೆ ಕೂತವರೆಲ್ಲ ಇತ್ತಲೇ ತಿರುಗಿದರು. ಎತ್ತಬೇಕಂದ್ರ ಎತ್ತೋಣ್ರಿ ಯಪ್ಪಾ, ಗಳ ತಂದೀನಿ, ಮೂರು ಮಂದೀನ ಕರೀರಿ, ನಾಲ್ಕನೇದು ನನ್ನ ಗಂಡನ ಜಾಗ, ಖಾಲಿ ಅದ, ಅಲ್ಲಿ ನೀವು ನಿಂದರ್ರಿ — ಅಂದೇಬಿಟ್ಟೆ. ಅವರು ಬಂಡಿಯ ಬದಿಗೆ ಕಟ್ಟಿದ್ದ ಗಳ ನೋಡಿದರು, ಕೊಪ್ಪರಿಗೆ ನೋಡಿದರು, ಕೈ ತಾನಾಗಿ ಬಲಹೆಗಲಿಗೆ ಹೋಯಿತು, ಮುಟ್ಟಿಕೊಂಡರು, ಪಕ್ಕಕ್ಕೆ ಸರಿದರು, ನೂಕು ಆದೆಮ್ಮ ಅಂದುಕೊಂಡೆ, ಗಾಲಿ ಹೊಸ್ತಿಲು ಹತ್ತಿತು, ಇಳಿಯಿತು, ಯಾರೋ ಹುಗ್ಗಿ ಬಂತು ಅಂದರು, ನನಗೆ ಊಟದ ಹಾಲ್ ಕಾಣುತ್ತಿಲ್ಲ, ಎಲೆಗಳು ಕಾಣುತ್ತಿಲ್ಲ, ಧಣಿಯ ಆ ಹೆಗಲು, ಬಿಳೀ ಅಂಗಿ, ಅದರ ಮೇಲೆ ಇಸ್ತ್ರಿಯ ಗೆರೆ, ಒಂದು ಸುಕ್ಕಿಲ್ಲ, ಇಸ್ತ್ರಿಯ ಗೆರೆ, ನೆಟ್ಟಗೆ, ಇಸ್ತ್ರಿಯ ಗೆರೆ