ದರ್ಜಿ ಮಾಮ ಒತ್ತಿದ ನಗುಮುಖ

ದರ್ಜಿ ಮಾಮನ ಬಾಯಲ್ಲಿ ಎರಡೇ ಮಾತು. "ಅಂಗಿ ಯಾವಾಗ ಕೊಡ್ತೀರಿ?" ಎಂದರೆ "ನಾಳೆ ರೆಡಿ" ಎನ್ನುತ್ತಿದ್ದರು. "ಹೇಗಿದೀರಿ?" ಎಂದರೆ "ಚೆನ್ನಾಗಿದೀನಿ" ಎನ್ನುತ್ತಿದ್ದರು. ಎರಡೂ ಸುಳ್ಳು.

ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಅಂಗಡಿಯ ಹಿಂದಿನ ಮರದಡಿ ಕೂತು ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದವಳು ಅವಳು. ಅವಳು ಹೋದ ಮೇಲೆ ಮಾಮ ಆ ಕಡೆಯ ಕಿಟಕಿ ತೆರೆದಿರಲಿಲ್ಲ. ಹೊಲಿಗೆ ಯಂತ್ರದ ಸದ್ದು ನಿಂತರೆ ಅಂಗಡಿ ಬಿಕೋ ಎನ್ನುತ್ತಿತ್ತು. ಎಷ್ಟೋ ಮಧ್ಯಾಹ್ನ ಊಟದ ನೆನಪೇ ಆಗುತ್ತಿರಲಿಲ್ಲ.

ಒಂದು ದಿನ ಬೀದಿಯ ಆರೋಗ್ಯ ಕಾರ್ಯಕರ್ತೆ ಬಂದು ಅವರ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಳು.

"ದಿನಾ ಅಂಗಡಿ ಹಿಂದಿನ ಆ ಮರದ್ದೊಂದು ಫೋಟೋ ತೆಗೀರಿ ಮಾಮ. ಆಮೇಲೆ ಮನಸ್ಸು ಹೇಗಿದೆ ಅಂತ ಒಂದು ಮುಖ ಒತ್ತಿ. ನಗುಮುಖ, ಸಪ್ಪೆ ಮುಖ, ಅಳುಮುಖ, ಮೂರಿದೆ. ನೀವು ಒಪ್ಪಿದ್ರೆ ಮಾತ್ರ ಅದು ನಂಗೂ ಕಾಣತ್ತೆ."

"ಮರಕ್ಕೂ ನನ್ನ ಮನಸ್ಸಿಗೂ ಏನಮ್ಮ ಸಂಬಂಧ? ಇದೆಲ್ಲ ಕೆಲಸ ಇಲ್ದೋರಿಗೆ."

"ನೋಡ್ತಾ ನೋಡ್ತಾ ನಿಮಗೇ ಗೊತ್ತಾಗತ್ತೆ ಬಿಡಿ."

ಹುಡುಗಿಗೆ ಬೇಸರವಾಗಬಾರದೆಂದು ಮಾಮ ಒಪ್ಪಿದರು. ನಲವತ್ತು ದಿನ ಕಳೆದ ಮೇಲೆ ಅವಳು ಮತ್ತೆ ಬಂದು ಕೂತಳು.

"ನಲವತ್ತು ದಿನಾನೂ ನಗುಮುಖ. ಆದ್ರೆ ಎಲ್ಲಾ ಫೋಟೋನೂ ಮುಚ್ಚಿದ ಗಾಜಿನ ಹಿಂದಿಂದ. ಮಾಮ, ಇದೂ 'ನಾಳೆ ರೆಡಿ' ಥರಾನೇನಾ?"

ಮಾಮ ನಗಲು ನೋಡಿದರು, ಆಗಲಿಲ್ಲ. ಅವಳು ಮೊದಲ ಫೋಟೋ, ಕೊನೆಯ ಫೋಟೋ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಳು. ಒಂದರಲ್ಲಿ ಮರದ ತುಂಬ ಹಸಿರು. ಇನ್ನೊಂದರಲ್ಲಿ ಅರ್ಧ ಮರ ಒಣಗಿತ್ತು, ಬುಡ ಕರಕಲಾಗಿತ್ತು. ದಿನಾ ಸಂಜೆ ಬಟ್ಟೆಯ ಚೂರುಗಳನ್ನು ಹಿಂಬಾಗಿಲಿಂದ ಗುಡಿಸಿ, ಆ ಬುಡದಲ್ಲಿ ಕಡ್ಡಿ ಗೀರಿ ಸುಟ್ಟು, ತಲೆ ಎತ್ತದೆ ಒಳಗೆ ಬರುತ್ತಿದ್ದವರು ಮಾಮನೇ.

"ಅವಳು ಕೂರ್ತಿದ್ದ ಜಾಗ ಕಣಮ್ಮ. ನಾನೇ ಸುಟ್ಟುಬಿಟ್ನಲ್ಲ."

ಆ ದಿನ ಮಾಮ ಅಳುಮುಖ ಒತ್ತಿದರು. ಒತ್ತಿ, ನಿಜವಾಗಿಯೂ ಅತ್ತರು. ಅವಳು ಬುದ್ಧಿ ಹೇಳಲು ಹೋಗಲಿಲ್ಲ.

"ಊಟ ಆಯ್ತಾ?" ಎಂದಳು.

"ಇಲ್ಲ."

ಇಬ್ಬರೂ ಸೇರಿ ತುಕ್ಕು ಹಿಡಿದ ಕಿಟಕಿಯನ್ನು ತಳ್ಳಿ ತೆರೆದರು. ಮಾಮ ಮರಕ್ಕೆ ಒಂದು ಬಕೆಟ್ ನೀರು ಹೊಯ್ದು ಬಂದು ಊಟಕ್ಕೆ ಕೂತರು.

ಈಗ ಚೂರುಗಳು ಚೀಲ ಸೇರುತ್ತವೆ. ದಿಂಬು ಹೊಲಿಯುವ ಪಕ್ಕದ ಬೀದಿಯ ಅಜ್ಜಿ ಬಂದು ಒಯ್ಯುತ್ತಾಳೆ, ಮರದಡಿ ಕೂತು ನಾಲ್ಕು ಮಾತಾಡಿ ಹೋಗುತ್ತಾಳೆ. ಒಣಗಿದ ಕೊಂಬೆಗಳಲ್ಲಿ ಒಂದು ಮಾತ್ರ ಚಿಗುರಿದೆ. ಹೆಂಡತಿಯ ನೆನಪು ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಮಾಮ ಸಪ್ಪೆ ಮುಖ ಒತ್ತಿದ ದಿನ ಫೋನ್ ರಿಂಗಾಗುತ್ತದೆ, ಆ ಕಡೆಯಿಂದ ಆರೋಗ್ಯ ಕಾರ್ಯಕರ್ತೆ ಮಾತಾಡಿಸುತ್ತಾಳೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಹತ್ತಿರವೂ ಒಂದು ಮರ ಇರಬೇಕಲ್ಲ? ಅದರ ಬುಡದಲ್ಲಿ ಕಸ ಸುಡಬೇಡಿ. ಮೊಬೈಲು ಕೈಯಲ್ಲೇ ಇದೆ, ದಿನಕ್ಕೊಂದು ಫೋಟೋ ತೆಗೆಯಿರಿ, ಕಿಟಕಿ ತೆರೆದು ತೆಗೆಯಿರಿ. ಯಾರಾದರೂ "ಹೇಗಿದೀರಿ?" ಎಂದು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ನಾಳೆ ಹೇಳೋಣ ಎನ್ನಬೇಡಿ.