ಹೊರಬೀಡಿನ ದಿನ ಎದ್ದ ಹೊಗೆ

ಬೆಳಗಾಗುತ್ತಲೇ ಕೆಂಗಟ್ಟೆಯ ಗಾಡಿಗಳೆಲ್ಲ ಬೀದಿಗೆ ಬಂದಿದ್ದವು. ಅಕ್ಕಿ, ಬೆಲ್ಲ, ಮಡಕೆ, ಚಾಪೆ, ಕಾಲು ಕಟ್ಟಿದ ಕೋಳಿ, ನಿದ್ದೆಗಣ್ಣಿನ ಕೂಸು, ಎಲ್ಲವೂ ಗಾಡಿ ಏರುತ್ತಿದ್ದವು. ಊರಿಗೆ ಸಿಡುಬು ಬಂದಿತ್ತು. ಅದಕ್ಕೇ ಆ ಮಂಗಳವಾರ ಹೊರಬೀಡು ಸಾರಿದ್ದರು. ಊರಿಗೆ ಊರೇ ಮನೆ ಬಿಟ್ಟು ಮಾವಿನ ತೋಪಿಗೆ ಹೋಗಿ, ಅಲ್ಲೇ ಬೇಯಿಸಿ ಉಂಡು, ದೀಪ ಹಚ್ಚುವ ಹೊತ್ತಿಗೆ ಮರಳಬೇಕು. ಖಾಲಿ ಊರು ಕಂಡು ಬೇಸತ್ತು ಸಿಡುಬಿನ ಅಮ್ಮ ತಾನಾಗಿ ಗಡಿ ದಾಟುತ್ತಾಳೆ ಎಂದು ನಂಬಿಕೆ. ಆ ದಿನ ಊರೊಳಗೆ ಒಲೆ ಉರಿಯಬಾರದು, ಹೊಗೆ ಏಳಬಾರದು.

ನಿರ್ಮಲಮ್ಮ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಅವಳ ಮನೆಗೆ ಒಳಗಿನಿಂದ ಅಗಳಿ ಬಿದ್ದು ವಾರ ಕಳೆದಿತ್ತು. ಗಂಡ ದೇವದಾನಪ್ಪ ವಾರವೆಲ್ಲ ದರ್ಜಿ, ಭಾನುವಾರ ಮಾತ್ರ ಮಿಷನ್ನಿನ ಉಪದೇಶಿ. ಬಾಗಿಲವಾಡಕ್ಕೆ ಕೆಮ್ಮಣ್ಣಿನಿಂದ ಶಿಲುಬೆ ಬರೆದು, ಹೊಲಿಗೆ ಯಂತ್ರವನ್ನು ಬಾಗಿಲಿಗೇ ಅಡ್ಡ ಹಾಕಿಕೊಂಡು ಕೂತಿದ್ದ. ಅಗಳಿ ಅವನ ಬೆನ್ನಿಗೆ ತಾಗುತ್ತಿತ್ತು.

ಊರ ಗೌಡ ಗುತ್ಯಪ್ಪ ಗಾಡಿ ನಿಲ್ಲಿಸಿ ಕೂಗಿದ. "ಉಪದೇಶಿಗಳೇ, ಇನ್ನೂ ಹೊತ್ತೈತೆ, ಬರ್ರೀ. ಪೂಜೆಗೆ ನಿಲ್ಲಬ್ಯಾಡ್ರೀ, ತೋಪಿನಾಗ ಸುಮ್ನೆ ಕೂತು ಬರ್ರೀ. ಗಟ್ಟಿ ಇದ್ದೋರ ಒಂದು ಮನೆ ಖಾಲಿ ಆಗ್ಲಿಲ್ಲ ಅಂದ್ರೂ ಅಮ್ಮ ಅಲ್ಲೇ ಉಳೀತಾಳೆ."

"ನೀವು ಹೋಗಿ ಬನ್ನಿ ಗೌಡ್ರೇ. ನಮ್ಮನ್ನ ಕಾಯೋನು ಇದಾನೆ. ಈ ಹೊಸಿಲು ದಾಟಿ ಯಾವ ರೋಗವೂ ಒಳಗೆ ಬರಲ್ಲ."

"ಬಂದ್ರೆ?"

"ಬಂದ ದಿನ ಕೇಳಿ."

ಗುತ್ಯಪ್ಪ ತಲೆ ಕೊಡವಿ ಎತ್ತು ಹೊಡೆದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೇವದಾನಪ್ಪ ಈ ಮಾತನ್ನು ಆಗಲೇ ಇಡೀ ಊರಿನ ಮುಂದೆ ಆಡಿಬಿಟ್ಟಿದ್ದ. ಅವನ ಮಾತು ನಂಬಿ ಕೇರಿಯ ಉಳಿದ ಮೂರು ಕ್ರೈಸ್ತ ಮನೆಗಳೂ ಬಾಗಿಲಿಗೆ ಕೆಮ್ಮಣ್ಣು ಬಳಿದು ಒಳಗೆ ಕೂತಿದ್ದವು. ಇನ್ನು ಅವನಿಗೆ ಹಿಂದೆ ಸರಿಯಲು ದಾರಿ ಇರಲಿಲ್ಲ. ಅವನ ಹಟದೊಳಗೆ ನಿರ್ಮಲಮ್ಮನೂ ಸಿಕ್ಕಿಬಿದ್ದಿದ್ದಳು, ಐದು ವರ್ಷದ ಸುಗುಣಳೂ ಸಿಕ್ಕಿಬಿದ್ದಿದ್ದಳು.

ಗಾಡಿಗಳ ಸದ್ದು ಅಡಗಿತು. ಊರು ಬಣಗುಟ್ಟಿತು. ಆಗ ಎದುರುಮನೆಯಿಂದ ನರಳಾಟ ಕೇಳಿಸಿತು.

ಅದು ಕುರಿ ಸಾಕುವ ಮಾಳಮ್ಮನ ಮನೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಅಮ್ಮ ಬಂದು ಕೂತವರನ್ನು ಎಬ್ಬಿಸಬಾರದೆಂದು ಮಗ ಸಣ್ಣಬೀರಪ್ಪ ತಾಯಿಯ ತಲೆದೆಸೆಗೆ ಒಂದು ಚೊಂಬು ನೀರಿಟ್ಟು, ಕಣ್ಣೊರೆಸಿಕೊಂಡು ಗಾಡಿ ಹಿಂದೆ ಹೋಗಿದ್ದ. ಸುಗುಣ ಹುಟ್ಟಿದಾಗ ಹೊಕ್ಕುಳಬಳ್ಳಿ ಕತ್ತರಿಸಿದವಳು ಇದೇ ಮಾಳಮ್ಮ.

"ನೀರು... ಯಾರಾರ ಅದೀರೇನವ್ವಾ..."

"ಚೊಂಬು ಎತ್ತೋಕೂ ಅವಳಿಗೆ ಆಗ್ತಿಲ್ಲ ರೀ. ಹೋಗಿ ಬರ್ತೀನಿ. ನನಗೆ ಸಣ್ಣವಳಿದ್ದಾಗಲೇ ಬಂದುಹೋಗಿದೆ, ಮತ್ತೆ ಬರಲ್ಲ." ನಿರ್ಮಲಮ್ಮನ ಮುಖದ ತುಂಬ ಹಳೆಯ ಸಿಡುಬಿನ ಕಲೆಗಳಿದ್ದವು.

"ನಿನಗೆ ಬರಲ್ಲ. ಸೀರೆಗಂಟಿಸಿಕೊಂಡು ಬಂದು ಮಗೂಗೆ ಕೊಡ್ತೀಯ. ಕೂತು ಪ್ರಾರ್ಥನೆ ಮಾಡು ನಿರ್ಮಲಾ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹೋದರೆ ಮಗಳಿಗೆ ಭಯ, ಹೋಗದಿದ್ದರೆ ಮಾಳಮ್ಮನ ಗಂಟಲು ಒಣಗುತ್ತದೆ. ಅತ್ತ ದರಿ, ಇತ್ತ ಪುಲಿ. ಅವಳು ಮೊಣಕಾಲೂರಿ ಪ್ರಾರ್ಥನೆಗೆ ಕೂತಳು. ಕಣ್ಣು ಮುಚ್ಚಿದರೂ ಕಿವಿ ಮುಚ್ಚಲಾಗಲಿಲ್ಲ.

ಹೊತ್ತೇರಿದಾಗ ಬೀದಿಯಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ಶಿಕಾರಿಪುರದಿಂದ ದಾಕು ಹಾಕುವ ತೋಟಪ್ಪ ಬಂದಿದ್ದ. ಸಿಡುಬು ಬರದಂತೆ ತೋಳು ಗೀರಿ ಮದ್ದು ಹಾಕುವುದು ಅವನ ಸರ್ಕಾರಿ ಕೆಲಸ. ಬೆವರಿ ತೊಪ್ಪೆಯಾಗಿದ್ದ. ಖಾಲಿ ಬೀದಿ ನೋಡಿ, "ಇದೊಳ್ಳೇ ಫಜೀತಿ ಆಯ್ತಲ್ಲಪ್ಪ! ಬಿಸಿಲಾಗೆ ಇಷ್ಟು ದೂರ ತುಳಿದು ಬಂದ್ರೆ ಒಂದು ನರಪಿಳ್ಳೆ ಇಲ್ಲ," ಎಂದು ಗೊಣಗಿ, ಕಿಟಕಿಯಲ್ಲಿ ಮುಖ ಕಂಡು ಹತ್ತಿರ ಬಂದ. "ಏನ್ರೀ ಅಮ್ಮಾ, ಮಗೂಗೆ ದಾಕು ಆಗೈತೇನ್ರೀ?"

"ಇಲ್ಲ."

"ಬೇಡ," ಎಂದ ದೇವದಾನಪ್ಪ ಒಳಗಿನಿಂದಲೇ.

"ಊರವರು ಅಮ್ಮನಿಗೆ ಕೋಪ ಬರ್ತೈತೆ ಅಂತ ಬ್ಯಾಡ ಅಂತಾರೆ. ನಿಮಗೇನು ಬಂತ್ರೀ ರೋಗ?"

ದೇವದಾನಪ್ಪ ಉತ್ತರವನ್ನು ಹೆಂಡತಿಗೆ ಹೇಳಿದ. "ಇಷ್ಟು ವರ್ಷ ದೇವರೇ ಗುರಾಣಿ ಅಂತ ಬೋಧನೆ ಮಾಡಿದೀನಿ. ಇವತ್ತು ತೋಳು ಚಾಚಿದ್ರೆ ಅದೆಲ್ಲ ಬರೀ ಬಾಯಿಮಾತು ಅಂತ ಆಗಲ್ವಾ? ಊರು ನಗಲ್ವಾ?"

ನಿರ್ಮಲಮ್ಮ ಮೇಲೆದ್ದಳು. ಹದಿನೈದು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಎದುರು ನಿಂತದ್ದು ಅದೇ ಮೊದಲು.

"ಕಾಯೋನು ಅವನಾದ್ರೆ ಈ ಅಗಳಿ ಯಾಕ್ರೀ?"

ಅವನು ಬೆನ್ನ ಹಿಂದಿನ ಅಗಳಿಯತ್ತ ತಿರುಗಿ ನೋಡಿದ.

"ಸೊರಬದ ಕಡೆ ನಮ್ಮೂರಲ್ಲೂ ಹೀಗೇ ಹೊರಬೀಡು ಹೋದ್ರು. ಮೈತುಂಬ ಗುಳ್ಳೆ ಎದ್ದ ನನ್ನ ಒಬ್ಬಳನ್ನೇ ಬಿಟ್ಟು ಹೋದ್ರು. ಅಪ್ಪ, ಅವ್ವ ಬೇಕಂತ ಬಿಡಲಿಲ್ಲ, ಅಳ್ತಾನೇ ಹೋದ್ರು. ಸಾಯೋ ಹಾಗಾಗಿದ್ದೆ. ದಾರೀಲಿ ಹೋಗ್ತಿದ್ದ ಮಿಷನ್ ಆಸ್ಪತ್ರೆಯ ಆಯಾ ನರಳೋದು ಕೇಳಿ ಒಳಗೆ ಬಂದು ನೀರು ಕುಡಿಸಿದಳು. ಆ ಬಾಗಿಲಿಗೆ ಯಾರೂ ಶಿಲುಬೆ ಬರೆದಿರಲಿಲ್ಲ ರೀ. ಅವತ್ತು ನನ್ನ ಕಾಪಾಡಿದ ದೇವರು ಬಾಗಿಲು ತೆಕ್ಕೊಂಡು ಒಳಗೆ ಬಂದಿದ್ದ. ನಾನು ನಂಬಿದ್ದು ಅವನನ್ನ."

ಎದುರುಮನೆಯಿಂದ ಮತ್ತೆ ನರಳಾಟ ಕೇಳಿಸಿತು. ಈ ಸಲ ಮಾತಿರಲಿಲ್ಲ, ಬರೀ ದನಿ. ದೇವದಾನಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿಟ್ಟ. ಆಮೇಲೆ ಹೊಲಿಗೆ ಯಂತ್ರವನ್ನೂ ತಾನು ಕೂತಿದ್ದ ಸ್ಟೂಲನ್ನೂ ಪಕ್ಕಕ್ಕೆ ಎಳೆದುಕೊಂಡ. ಅಗಳಿ ಮಾತ್ರ ತೆಗೆಯಲಿಲ್ಲ. ಅದನ್ನು ಅವಳೇ ತೆಗೆದಳು.

ಜಗಲಿಯ ಮೇಲೆ ಸುಗುಣಳನ್ನು ತೊಡೆಯಲ್ಲಿ ಕೂರಿಸಿಕೊಂಡಳು. ತೋಟಪ್ಪ ಚರ್ಮ ಗೀರುವ ಗುಂಡನೆಯ ಹಲ್ಲುಬಿಲ್ಲೆಯನ್ನು ತನ್ನ ಚೀಲದ ಸಣ್ಣ ದೀಪದ ಉರಿಗೆ ಹಿಡಿದು, ಆರಿಸಿ, ಮಗುವಿನ ತೋಳಿಗೆ ಮದ್ದು ಸವರಿ, ಅದರ ಮೇಲೆ ಒತ್ತಿ ತಿರುಗಿಸಿದ. ಮಗು ಊರು ಕಿತ್ತುಹೋಗುವಂತೆ ಅತ್ತಿತು. "ಇಲ್ಲಿ ಹಕ್ಕಳೆ ಕಟ್ಟಿದ್ರೆ ಮದ್ದು ಹಿಡೀತು ಅಂತ ಲೆಕ್ಕ," ಎಂದ ತೋಟಪ್ಪ. "ಎದುರುಮನೆಗೆ ಹೋಗ್ತೀರೇನು? ಹೋಗ್ರೀ. ಆದ್ರೆ ಇವತ್ತಿಂದ ಮಗೂನ ನಿಮ್ಮ ಯಜಮಾನ್ರ ಹತ್ರಾನೇ ಬಿಡ್ರೀ. ಆ ಸೀರೆಯಾಗೆ ಮುಟ್ಟಬ್ಯಾಡ್ರೀ."

ನಿರ್ಮಲಮ್ಮ ಬೇವಿನ ಸೊಪ್ಪು ಸರಿಸಿ ಒಳಹೊಕ್ಕಳು. ಮಾಳಮ್ಮನ ಕಣ್ಣೇ ತೆರೆಯದಷ್ಟು ರೆಪ್ಪೆಗಳು ಊದಿಕೊಂಡಿದ್ದವು. ಬಟ್ಟೆಯ ಬತ್ತಿಯನ್ನು ಚೊಂಬಿನಲ್ಲಿ ಅದ್ದಿ ನೀರನ್ನು ತೊಟ್ಟು ತೊಟ್ಟಾಗಿ ಬಾಯಿಗೆ ಬಿಟ್ಟಳು. ಹೊಟ್ಟೆಗೇನಾದರೂ ಬೇಕಲ್ಲ ಎಂದು ಒಲೆಗೆ ಪುಳ್ಳೆ ಇಟ್ಟು ಗಂಜಿಗೆ ಎಸರಿಟ್ಟಳು. ಹೊರಬೀಡಿನ ಕಟ್ಟಳೆ ನೆನಪಾದದ್ದು ಹೊಗೆ ಮಾಡು ದಾಟಿದ ಮೇಲೆ.

ತೋಪಿನಿಂದ ಆ ಹೊಗೆ ಎಲ್ಲರಿಗೂ ಕಂಡಿತು. ಮೊದಲು ಓಡಿಬಂದವನು ಸಣ್ಣಬೀರಪ್ಪ. ಮನೆಗೆ ಬೆಂಕಿ ಬಿತ್ತೆಂದೇ ತಿಳಿದಿದ್ದ. ಹೊಸಿಲಲ್ಲಿ ನಿಂತು ನೋಡಿದರೆ ತಾಯಿ ಗಂಜಿ ನುಂಗುತ್ತಿದ್ದಾಳೆ. "ಬೀರಾ, ಬಂದ್ಯಾ?" ಎಂದಳು ಮಾಳಮ್ಮ, ಹೆಜ್ಜೆ ಗುರುತಿಸಿ. ಅವನು ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ.

ಹಿಂದೆಯೇ ಗುತ್ಯಪ್ಪ, ಅವನ ಹಿಂದೆ ಅರ್ಧ ಊರು. "ಕಟ್ಟಳೆ ಮುರಿದ್ರಲ್ಲ! ನಾಳೆ ಊರಾಗ ಹೆಣ ಬಿದ್ರೆ ಯಾರ್ರೀ ಹೊಣೆ?"

ದೇವದಾನಪ್ಪ ಮಗಳನ್ನು ಎತ್ತಿಕೊಂಡು ಜಗಲಿಯಿಂದ ಇಳಿದು ಬಂದ. ಗೌಡನ ಮುಖ ನೋಡಲಿಲ್ಲ. ಮಗುವನ್ನು ಇಳಿಸಿ, ಎಲ್ಲರೂ ಕಾಣುವಂತೆ ಅಂಗಿಯ ತೋಳು ಮಡಚಿ, ಊರವರಿಗಾಗಿ ಕಾದು ಕೂತಿದ್ದ ತೋಟಪ್ಪನ ಮುಂದೆ ಚಾಚಿದ.

"ನನಗೂ ಹಾಕಿ. ನನ್ನ ಮಾತು ಕೇಳಿ ಮೂರು ಮನೆಯವರು ಒಳಗೆ ಕೂತಿದಾರೆ. ಅವರ ಕಣ್ಣಿಗೆ ಬೀಳೋ ಹಾಗೆ ಹಾಕಿ."

ಗುಂಪು ಪಿಸುಗುಟ್ಟಿತು. ಗುತ್ಯಪ್ಪನಿಗೆ ಸಿಟ್ಟಿಗಿಂತ ಬೆರಗೇ ಹೆಚ್ಚಾಯಿತು. "ಹಂಗಾರೆ ನಿಮ್ಮ ದೇವರು ಸೋತನೇನ್ರೀ?"

"ಸೋತಿದ್ದು ನಾನು ಗೌಡ್ರೇ. ಅವನು ಎದುರುಮನೇಲಿ ಗಂಜಿ ಕುಡಿಸ್ತಾ ಇದಾನೆ."

ಒಳಗಿದ್ದ ನಿರ್ಮಲಮ್ಮನಿಗೆ ಅದು ಕೇಳಿಸಿತು. ಬಾಗಿಲ ಸಂದಿಯಿಂದ ತನ್ನ ಮನೆ ಕಾಣುತ್ತಿತ್ತು, ಬಾಗಿಲು ಹಾರುಹೊಡೆದಿತ್ತು. ಗಂಡನ ಪಕ್ಕದಲ್ಲಿ ಸಣ್ಣಬೀರಪ್ಪ ಹೋಗಿ ಕುಕ್ಕರಗಾಲಲ್ಲಿ ಕೂತು, ಕಂಬಳಿ ಸರಿಸಿ, "ಯಾವ ತೋಳಿಗ್ರೀ?" ಎಂದು ಕೇಳುತ್ತಿದ್ದ.

ಅವಳು ಬಗ್ಗಿ ಒಲೆ ಊದಿದಳು. ಇನ್ನೊಂದು ಪಾವು ಅಕ್ಕಿ ಹಾಕಿದಳು.