ತಾಗಿಯೂ ನಿಲ್ಲದ ಕಣಗಳು

ಬಂತು ಒಂದು, ಗಾಜಿಗೆ ತಾಗಿತು, ಉರುಳಿತು, ಹೋಯಿತು — ಇನ್ನೊಂದು ಬಂತು, ಅದೂ ಹಾಗೇ, ಸೂಕ್ಷ್ಮದರ್ಶಕದ ಪರದೆಯ ಎಡಗಡೆಯಿಂದ ಬಲಗಡೆಗೆ ಹಸಿರು ಉಂಡೆಗಳು, ತಂಗಿಯ ಮಗನ ಬಿಳಿ ರಕ್ತಕಣಗಳು, ಪಂಪು ಸಣ್ಣಗೆ ಗುಂಯ್ ಅನ್ನುತ್ತಿದೆ, ಕಿಟಕಿಗೆ ಕಟ್ಟಿದ ಕಪ್ಪು ಬಟ್ಟೆಯ ಅಂಚಿನಲ್ಲಿ ಮಧ್ಯಾಹ್ನದ ಬಿಸಿಲಿನ ಒಂದು ಗೆರೆ, ಈ ಬಟ್ಟೆ ಒಗೆದು ಎಷ್ಟು ಕಾಲವಾಯಿತೋ, ಯಾರ ಕೆಲಸ ಅದು, ಯಾರದೂ ಅಲ್ಲ. ನಿಲ್ಲಬೇಕಿತ್ತು, ಇಷ್ಟು ಹೊತ್ತಿಗೆ ಒಂದಾದರೂ. ಬೆಳಿಗ್ಗೆ ಹೋಲಿಸಿ ನೋಡಲೆಂದು ತನ್ನದೇ ರಕ್ತ ತೆಗೆದು ಇದೇ ನಳಿಗೆಯಲ್ಲಿ ಹರಿಸಿದಾಗ ಅವಳ ಕಣಗಳು ಉರುಳುತ್ತ ಬಂದವು, ರಕ್ತನಾಳದ ಒಳಗೋಡೆಯಂತೆ ಲೇಪ ಹಚ್ಚಿದ ಗಾಜು ತಾಗಿದ್ದೇ ತಡ, ಮೈಮೇಲೆಲ್ಲ ಚೆದುರಿಕೊಂಡಿದ್ದ ಅಂಟು ಅಣುಗಳು — ಅವಳು ಕೊಕ್ಕೆ ಅನ್ನುತ್ತಾಳೆ, ಹಸಿರು ಬಣ್ಣ ಹಚ್ಚಿರುವುದು ಅವಕ್ಕೇ — ತಾಗಿದ ಜಾಗಕ್ಕೆ ಜಾರಿಕೊಂಡು ಬಂದು ಗುಂಪುಗೂಡಿದವು, ಬೀದಿಯಲ್ಲಿ ಏನೋ ಆಯಿತೆಂದರೆ ಜನ ಸೇರುವ ಹಾಗೆ, ಹಸಿರು ಒಂದೇ ಕಡೆ ದಟ್ಟವಾಯಿತು, ಕಣ ಗಕ್ಕನೆ ನಿಂತಿತು. ಮಗುವಿನ ಕಣದ ಮೇಲೂ ಕೊಕ್ಕೆಗಳಿಗೇನು ಬರವಿಲ್ಲ, ಸುತ್ತಲೂ ಸಮನಾಗಿ, ಅಚ್ಚುಕಟ್ಟಾಗಿ ಹರಡಿಕೊಂಡಿವೆ, ತಾಗಿದ ಕಡೆಗೆ ಮಾತ್ರ ಒಂದೂ ಬರುತ್ತಿಲ್ಲ. ಮೊಣಕೈ ಮಡಿಚಿನಲ್ಲಿ ಬೆಳಗಿನ ಹತ್ತಿ ಇನ್ನೂ ಅಂಟಿಕೊಂಡಿದೆ, ಕೀಳಬೇಕು, ಕೀಳುವುದಿಲ್ಲ. ಏನೂ ಅನ್ನಿಸುತ್ತಿಲ್ಲ ಅವಳಿಗೆ, ಅನ್ನಿಸಬೇಕಲ್ಲ ಎಂದಷ್ಟೇ ಅನ್ನಿಸುತ್ತಿದೆ.

ಮೊದಲು ಗಮನಿಸಿದ್ದು ಅಮ್ಮ, ತಿಂಗಳಾಗ್ತಾ ಬಂತು, ಹೊಕ್ಕುಳಬಳ್ಳಿ ಇನ್ನೂ ಬಿದ್ದಿಲ್ಲವಲ್ಲೇ, ನಿಮ್ಮಿಬ್ಬರದೂ ಬೇಗ ಉದುರಿತ್ತು, ಅದಕ್ಕೆ ಅವಳು, ಬಿಡಮ್ಮಾ, ಅವ್ನಿಗೆ ಅವ್ರಮ್ಮನ್ನ ಬಿಡೋಕೆ ಮನಸ್ಸಿಲ್ಲ ಅಂದಳು, ತಂಗಿ ಹೊಟ್ಟೆ ಹಿಡಿದುಕೊಂಡು, ನಗಿಸ್ಬೇಡ ಕಣೇ ಅಕ್ಕಾ, ಹೊಲಿಗೆ ನೋಯುತ್ತೆ — ಬಳ್ಳಿ ಉದುರಿಸುವುದಕ್ಕೂ ಈ ಬಿಳಿ ಕಣಗಳೇ ಬೇಕು, ಅಲ್ಲಿ ನಿಂತು, ಗೋಡೆ ದಾಟಿ ಒಳಹೊಕ್ಕು ಬಿಡಿಸಬೇಕು, ದಿನಬೆಳಗಾದರೆ ಇವನ್ನೇ ನೋಡುವವಳಿಗೆ ಅದು ಹೊಳೆಯಲಿಲ್ಲ, ನಗು ಬಂತು. ಆಮೇಲೆ ಮಗುವನ್ನು ಎತ್ತಿಕೊಂಡ ಕಡೆಯೆಲ್ಲ ನೀಲಿ ಕಲೆ, ಅಮ್ಮನ ಹೆಬ್ಬೆರಳಿನಷ್ಟಗಲ, ನಾನೇನು ಹಿಸುಕಿದ್ನಾ ಎಂದು ಅಮ್ಮ ಮೊಮ್ಮಗನನ್ನು ಎತ್ತುವುದನ್ನೇ ಬಿಟ್ಟಳು, ರಕ್ತ ಹೆಪ್ಪುಗಟ್ಟಿಸುವ ಕಣಗಳೂ ಇಂಥ ಕೊಕ್ಕೆಗಳನ್ನೇ ನಂಬಿವೆ ಎಂಬುದೂ ಹೊಳೆಯಲಿಲ್ಲ, ಆಮೇಲೆ ಜ್ವರ, ಬೆನ್ನಿನಲ್ಲಿ ಕೀವೇ ಕಟ್ಟದ ಹುಣ್ಣು, ಆಸ್ಪತ್ರೆ. ಅಲ್ಲಿಯ ವೈದ್ಯೆಗೆ ಅನುಮಾನ ಬಂದು ಕೊಕ್ಕೆಗಳನ್ನು ಎಣಿಸಿ ನೋಡಿದರು, ಎಣಿಕೆ ಸರಿಯಾಗಿತ್ತು, ಅವಳೇ ಮುಂದೆ ಬಿದ್ದು ತಂಗಿಗೆ ಫೋನು ಮಾಡಿದಳು, ಇದೆ ಕಣೇ, ಎಲ್ಲಾ ಇದೆ, ನಮ್ ಗುಂಡನ ಹತ್ರ ಒಂದೂ ಕಮ್ಮಿ ಇಲ್ಲ, ತಂಗಿ ಅವತ್ತು ಕಣ್ತುಂಬ ನಿದ್ದೆ ಮಾಡಿದಳಂತೆ, ಬೆಳಗಾದದ್ದೇ ಗೊತ್ತಾಗ್ಲಿಲ್ಲ ಅಕ್ಕಾ. ಇದ್ದರೆ ಸಾಕೇ, ಮನೆ ತುಂಬ ಜನ ಇದ್ದು ಬಾಗಿಲು ತೆಗೆಯಲು ಒಬ್ಬರೂ ಏಳದಿದ್ದರೆ. ಕಣ್ಣಾರೆ ನೋಡಿಬಿಡೋಣ ಎಂದು ಮತ್ತೆ ರಕ್ತ ತರಿಸಿದ್ದೂ ಅವಳೇ. ಹರಿವು ಕಡಿಮೆ ಮಾಡಿ ನೋಡಿದಳು, ಇನ್ನೂ ಕಡಿಮೆ ಮಾಡಿದಳು, ಹರಿವು ಕಡಿಮೆಯಾದಷ್ಟು ನಿಧಾನವಾಗಿ ಉರುಳಿದವು, ಅಷ್ಟೇ.

ಮೇಜಿನ ಮೇಲೆ ಫೋನು ಗುರ್ರೆನ್ನುತ್ತಿದೆ, ತಂಗಿ, ತೆಗೆಯದಿದ್ದರೂ ಆಗುತ್ತದೆ, ತೆಗೆದಳು. ಆಯ್ತಾ ಅಕ್ಕಾ. ಆಗ್ತಿದೆ. ಆಗ್ತಿದೆ ಅಂದ್ರೆ? ಹಿಂದೆ ಮಗುವಿನ ಅಳು, ಸಣ್ಣದು, ಹಸಿವಿನದಲ್ಲ. ನಿಲ್ತಿಲ್ಲ ಕಣೇ, ಕೊಕ್ಕೆ ಇದೆ, ಸೇರ್ಕೊಳ್ತಿಲ್ಲ, ನಾನು ಅವತ್ತು ಹೇಳಿದ್ದು ತಪ್ಪು, ಒಂದೂ ನಿಲ್ತಿಲ್ಲ — ದನಿ ಅವಳದೇ, ಯಾರದೋ ವರದಿ ಓದುತ್ತಿರುವಂತೆ ಬಂತು. ತಂಗಿ ಅಳಲಿಲ್ಲ, ಅತ್ತಿದ್ದರೆ ಸಮಾಧಾನ ಮಾಡುವ ಕೆಲಸವಾದರೂ ಇರುತ್ತಿತ್ತು. ನಿಂದು? ಅಂದಳು. ಏನು ನಂದು? ಬೆಳಿಗ್ಗೆ ನಿನ್ ರಕ್ತಾನೂ ಹಾಕಿ ನೋಡ್ತೀನಿ ಅಂದ್ಯಲ್ಲ, ನಿಂದು ನಿಂತ್ಕೊಳ್ತಾ? ನಿಂತ್ಕೊಳ್ತು. ಹಾಗಾದ್ರೆ ನಿಂದು ಕೊಡು ಅವ್ನಿಗೆ — ಶಾಲೆಗೆ ಹೊರಟು ನಿಂತು ಪೆನ್ಸಿಲು ಕಳೆದುಹೋಯ್ತು ನಿಂದು ಕೊಡು ಅನ್ನುತ್ತಿದ್ದ ಅದೇ ದನಿ, ಕೇಳಿದರೆ ಅಕ್ಕ ಇಲ್ಲ ಅನ್ನುವುದಿಲ್ಲ ಎಂದು ಗೊತ್ತಿರುವ ದನಿ, ಬರೀ ರಕ್ತ ಕೊಟ್ಟರೆ ಈ ಕಣಗಳು ದಿನವಿಡೀ ಬಾಳುವುದೂ ಕಷ್ಟ, ಮೂಳೆಯೊಳಗಿನ ಮಜ್ಜೆಯೇ ಬೇಕು, ಅದು ಹೊಂದಬೇಕು, ದೊಡ್ಡಮ್ಮ ಆದಮಾತ್ರಕ್ಕೆ ಹೊಂದುವುದಿಲ್ಲ, ಹೊಂದಿದರೂ ಅವನ ಮೈ ಒಪ್ಪಬೇಕು, ಅಷ್ಟರೊಳಗೆ ಇನ್ನೊಂದು ಜ್ವರ ಬರಬಾರದು, ಇದನ್ನೆಲ್ಲ ಹೇಳಬೇಕು, ಬಿಡಿಸಿ ಹೇಳಬೇಕು, ಈ ಸಲ ಸರಿಯಾಗಿ ಹೇಳಬೇಕು, ಅಕ್ಕಾ, ಕೊಡ್ತೀಯ ಅಲ್ವಾ, ಬಾಯಿ ತೆರೆದಳು, ಎಡಗಡೆಯಿಂದ ಒಂದು ಬಂತು, ನಿಧಾನವಾಯಿತು, ಇದು ನಿಲ್ಲುತ್ತದೆ, ಇದು ನಿಲ್ಲುತ್ತದೆ, ಸುತ್ತಲೂ ಸಮನಾದ ಹಸಿರು, ತಾಗಿತು, ಉರುಳಿತು, ಅಕ್ಕಾ, ಉರುಳಿತು, ಹೋಯಿತು